ಜಪಸರದ ಇನ್ನರ್ಧ

ನಾನಿರುವ ಕಟ್ಟಡದ ಕೆಳಗೆ ಒಂದು ಔಷಧಿ ಅಂಗಡಿ ಇದೆ. ಬೆಳಿಗ್ಗೆ ಒಂಬತ್ತಕ್ಕೆ ಅದರ ಮಾಲೀಕರು ಬಂದು ಶಟರ್ ಏರಿಸುತ್ತಾರೆ. ಕೈಯಲ್ಲಿ ಎತ್ತಲಾಗದಷ್ಟು ದೊಡ್ಡ ಶಟರ್. ಪಕ್ಕದಲ್ಲಿ ನೇತಾಡುವ ಸರಪಳಿಯನ್ನು ಎಳೆದೆಳೆದು ಮೇಲೇರಿಸಬೇಕು. ಸರಪಳಿ ಹಲ್ಲುಚಕ್ರದ ಮೇಲೆ ಕಟಕಟಕಟ ಎಂದು ಓಡುವ ಸದ್ದು ಮೂರನೇ ಮಹಡಿಯ ನನ್ನ ಅಡುಗೆಮನೆಯವರೆಗೂ ಬರುತ್ತದೆ. ಆರು ತಿಂಗಳಿಂದ ಈ ಸದ್ದು ಕೇಳಿದ ಕೂಡಲೇ ನನ್ನ ಎಡಗೈ ತಾನಾಗಿ ಎದ್ದು ತಲೆಯ ಮೇಲೆ ಹೋಗಿ ಕೂರುತ್ತದೆ. ಬಲಗೈಯಲ್ಲಿ ಚಹದ ಲೋಟವಿದ್ದರೆ ಅರ್ಧ ಚಹ ನೆಲದ ಪಾಲು.

ಆ ಭಂಗಿಯಲ್ಲಿ ನನ್ನನ್ನು ಯಾರಾದರೂ ನೋಡಿದರೆ, ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಬೇಕಾದ ಬಿಷಪರು ಬರಲಿಲ್ಲವೆಂದು ನಾನೇ ಆ ಕೆಲಸವನ್ನೂ ಮುಗಿಸಿಕೊಳ್ಳುತ್ತಿದ್ದೇನೆ ಅಂದುಕೊಂಡಾರು. ದೇವರನ್ನು ಬಿಟ್ಟು ಇಪ್ಪತ್ತೆರಡು ವರ್ಷವಾದ ಮನುಷ್ಯನಿಗೆ ಇದು ಶೋಭಿಸುವ ಭಂಗಿಯಲ್ಲ.

ವಡೋದರೆಯ ಮಕರಪುರದಲ್ಲಿರುವ ನಮ್ಮ ಕಾರ್ಖಾನೆಯಲ್ಲಿ ಆರು ತಿಂಗಳ ಹಿಂದೆ ನಡೆದ ಅಪಘಾತವನ್ನು ನಾನು ಈಗಾಗಲೇ ಹಲವರಿಗೆ ಹೇಳಿದ್ದೇನೆ. ಸುರಕ್ಷತಾ ಅಧಿಕಾರಿಗೆ ಹೇಳಿದ್ದು ಒಂದು ಪುಟವಾಯಿತು. ಸೂರತ್‌ನಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಹೇಳಿದ್ದು ಒಂದು ಗಂಟೆಯಾಯಿತು. ಪ್ರತಿ ಸಲವೂ ಒಂದು ವಾಕ್ಯವನ್ನು ಬಿಟ್ಟೇ ಹೇಳಿದ್ದೇನೆ. ಆ ವಾಕ್ಯ ಇಷ್ಟೇ: ಚಹ ತರುವ ಶೇಖರಣ್ಣನನ್ನು ಆ ಕಡೆಯಿಂದ ಈ ಕಡೆಗೆ ಕರೆದದ್ದು ನಾನು.

ನೋಡಿ, ನಿಮಗೆ ಮೊದಲೇ ಹೇಳಿಬಿಟ್ಟೆ. ಹೇಳಬೇಕಾದವರನ್ನು ಬಿಟ್ಟು ನಿಮಗೆ ಹೇಳುವುದು ಸುಲಭ. ಕ್ಯಾಥೊಲಿಕರ ಮನೆಯಲ್ಲಿ ಬೆಳೆದವನಿಗೆ ಈ ಉಪಾಯ ಚೆನ್ನಾಗಿ ಗೊತ್ತು. ತಪ್ಪು ಮಾಡಿದ್ದು ಯಾರಿಗೋ, ಹೇಳಿಕೊಳ್ಳುವುದು ಜಾಲರಿಯ ಆಚೆ ಕುಳಿತ ಇನ್ಯಾರಿಗೋ.

ಅದಕ್ಕೆ ನಮ್ಮ ಕೊಂಕಣಿಯಲ್ಲಿ ಕುಮ್ಸಾರ್ ಎನ್ನುತ್ತಾರೆ, ಜಾಲರಿಯ ಆಚೆ ಕೂತ ಪಾದ್ರಿಗೆ ಮಾಡುವ ಪಾಪನಿವೇದನೆ. ಮಂಗಳೂರಿನ ಹತ್ತಿರ ನಾನು ಓದಿದ ಶಾಲೆಯಲ್ಲಿ ತಿಂಗಳ ಮೊದಲ ಶುಕ್ರವಾರ ನಮ್ಮನ್ನು ಸಾಲು ಕಟ್ಟಿಸಿ ಚರ್ಚಿಗೆ, ನಮ್ಮ ಇಗರ್ಜಿಗೆ, ಕರೆದೊಯ್ಯುತ್ತಿದ್ದರು. ಒಂಬತ್ತು ವರ್ಷದವನ ಹತ್ತಿರ ತಿಂಗಳಿಗೊಮ್ಮೆ ನಿವೇದಿಸಲು ಸಾಕಾಗುವಷ್ಟು ಪಾಪ ಎಲ್ಲಿಂದ ಹುಟ್ಟಬೇಕು? ಸುಳ್ಳು ಹೇಳಿದೆ, ಹೇಳಿದ ಮಾತು ಕೇಳಲಿಲ್ಲ, ಪ್ರಾರ್ಥನೆಯಲ್ಲಿ ತೂಕಡಿಸಿದೆ. ಮೂರಕ್ಕೆ ನನ್ನ ಸರಕು ಮುಗಿಯುತ್ತಿತ್ತು. ಅಕ್ಕ ಲೀನಾ ನನಗಿಂತ ಮೂರು ವರ್ಷ ದೊಡ್ಡವಳು, ಎಲ್ಲದರಲ್ಲೂ ಅಚ್ಚುಕಟ್ಟು. ತನ್ನ ಪಾಪಗಳನ್ನು ಧರ್ಮೋಪದೇಶದ ಪುಸ್ತಕದ ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಳ್ಳುತ್ತಿದ್ದಳು. ಒಂದು ಶುಕ್ರವಾರ ನಾನು ಅದನ್ನೇ ಬಾಯಿಪಾಠ ಮಾಡಿಕೊಂಡು ಹೋದೆ. ಜಾಲರಿಯ ಮುಂದೆ ಮೊಣಕಾಲೂರಿ ಒಂದೇ ಉಸಿರಿಗೆ ಒಪ್ಪಿಸಿದೆ: ಪಾತ್ರೆ ತೊಳೆಯಲು ಅಮ್ಮನಿಗೆ ನೆರವಾಗಲಿಲ್ಲ, ಗೆಳತಿಯ ರಿಬ್ಬನ್ ನೋಡಿ ಹೊಟ್ಟೆಕಿಚ್ಚು ಪಟ್ಟೆ, ತಮ್ಮನಿಗೆ ನಾಲ್ಕು ಸಲ ಹೊಡೆದೆ.

ನಮ್ಮ ಪಾದ್ರಿಗಳಿಗೆ ಯಾರ ಮನೆಯಲ್ಲಿ ಎಷ್ಟು ಮಕ್ಕಳು ಎಂಬುದೆಲ್ಲ ಗೊತ್ತಿತ್ತು.

"ಮಗಾ, ನಿನಗೆ ತಮ್ಮ ಎಲ್ಲಿದ್ದಾನೆ?"

"ಇಲ್ಲ, ಫಾದರ್."

"ಮತ್ತೆ ಹೊಡೆದದ್ದು ಯಾರಿಗೆ?"

ನಾನು ಯೋಚಿಸಿ ಸತ್ಯವನ್ನೇ ಹೇಳಿದೆ. "ನನಗೇ, ಫಾದರ್."

ಅವರಿಗೆ ಕೆಮ್ಮು ಬಂತು. ಬಹಳ ಹೊತ್ತು ಕೆಮ್ಮಿದರು. ಆಮೇಲೆ ಪ್ರಾಯಶ್ಚಿತ್ತಕ್ಕೆ ಮೂರು 'ನಮಾನ್ ಮರಿಯೆ' ಹೇಳೆಂದು ಕಳಿಸಿದರು. ಆ ಕಾಲದಲ್ಲಿ ಎಂಥ ಪಾಪಕ್ಕೂ ದರ ಅದೇ ಆಗಿತ್ತು, ಮೂರು.

ನಮಾನ್ ಮರಿಯೆ ಅಂದರೆ ಮೇರಿಮಾತೆಗೆ ನಮಸ್ಕಾರ. ನಮ್ಮ ಮನೆಯಲ್ಲಿ ಅದನ್ನು ದಿನಕ್ಕೆ ಐವತ್ತು ಸಲ ಹೇಳುತ್ತಿದ್ದೆವು. ಸಂಜೆ ಏಳಕ್ಕೆ ತೇರ್ಸ್, ಅಂದರೆ ಜಪಸರ. ದೀಪ ಹಚ್ಚಿದ ಅಲ್ಟರ್ ಪೀಠದ ಮುಂದೆ ಸಿಮೆಂಟು ನೆಲದಲ್ಲಿ ಮೊಣಕಾಲೂರಬೇಕು. ಕ್ಯಾಥೊಲಿಕರಲ್ಲದವರಿಗೆ ತಿಳಿಯದ ಸಂಗತಿಯೊಂದಿದೆ: ಆ ಪ್ರಾರ್ಥನೆಯನ್ನು ಒಬ್ಬರೇ ಪೂರ್ತಿ ಹೇಳುವುದಿಲ್ಲ. ಮುಂದಾಳು ಮೊದಲ ಅರ್ಧ ಹೇಳಿ ನಿಲ್ಲಿಸುತ್ತಾರೆ. ಉಳಿದವರು ಎರಡನೆಯ ಅರ್ಧ ಹೇಳಿ ಮುಗಿಸುತ್ತಾರೆ. ನಮ್ಮ ಮನೆಯಲ್ಲಿ ಮೊದಲ ಅರ್ಧ ಅಮ್ಮನದು. ಅವಳನ್ನು ನಾವು ಮಾಂಯ್ ಎನ್ನುತ್ತಿದ್ದೆವು. ಎರಡನೆಯ ಅರ್ಧ ಪಪ್ಪ, ಅಜ್ಜಿ, ಅಕ್ಕ, ನಾನು, ಮತ್ತೆ ಆ ಹೊತ್ತಿಗೆ ಸಿಕ್ಕಿಬಿದ್ದ ಯಾರಾದರೊಬ್ಬ ನೆಂಟ. ಮಾಂಯ್ ಮೆಲ್ಲಗೆ, ಅರ್ಥ ಬಿಡಿಸಿದ ಹಾಗೆ ಹೇಳುವಳು. ನಾವು ಅಡುಗೆಮನೆಯ ಮೀನುಸಾರಿನ ಪರಿಮಳಕ್ಕೆ ಓಗೊಡುವ ಅವಸರದಲ್ಲಿ ಅವಳ ಪಾಲು ಮುಗಿಯುವ ಮುಂಚೆಯೇ ನಮ್ಮ ಪಾಲನ್ನು ಗಟ್ಟಿಯಾಗಿ ಶುರು ಮಾಡುತ್ತಿದ್ದೆವು. ಹತ್ತು ಹತ್ತರ ಐದು ಕಂತಿನಲ್ಲಿ ಮೂರನೆಯದಕ್ಕೇ ಪಪ್ಪನಿಗೆ ನಿದ್ದೆ. ಆದರೂ ಅವರ ಬಾಯಿ ನಿಲ್ಲುತ್ತಿರಲಿಲ್ಲ. ನಿದ್ದೆಯಲ್ಲೂ ತಪ್ಪಿಲ್ಲದೆ ಉತ್ತರಿಸುವ ಅವರನ್ನು ನೋಡಿಯೇ ನನಗೆ ಮೊದಲ ಅನುಮಾನ ಬಂದದ್ದು. ದೇವರಿಗೆ ಎಚ್ಚರವಿದ್ದವರ ಪ್ರಾರ್ಥನೆಯೂ ನಿದ್ದೆ ಮಾಡುವವರದೂ ಬೇರೆಬೇರೆಯಾಗಿ ಕೇಳಿಸುತ್ತದೆಯೇ?

ದೇವರಿಗೆ ಕೊಂಕಣಿ, ಶಾಲೆಗೆ ಕನ್ನಡ, ಬೈಗುಳಕ್ಕೆ ತುಳು. ಹೀಗೆ ನಮ್ಮಲ್ಲಿ ಭಾಷೆಗಳಿಗೆ ಕೆಲಸ ಹಂಚಿಕೆಯಾಗಿತ್ತು. ಇಂಜಿನಿಯರಿಂಗ್ ಓದಲು ವಡೋದರೆಗೆ ಬಂದಾಗ ಮೂರನ್ನೂ ಜತೆಯಲ್ಲೇ ತಂದೆ, ದೇವರನ್ನೂ ತಂದೆ. ದೇವರನ್ನು ಕಳೆದುಕೊಂಡ ಕಥೆ ಕೇಳಿದವರು ಏನೋ ದೊಡ್ಡ ಸಂಘರ್ಷವನ್ನು ನಿರೀಕ್ಷಿಸುತ್ತಾರೆ. ಅಂಥದ್ದೇನೂ ಇಲ್ಲ. ಎರಡನೆಯ ವರ್ಷ ಪರೀಕ್ಷೆಯ ನೆಪದಲ್ಲಿ ಒಂದು ಭಾನುವಾರದ ಪೂಜೆ ತಪ್ಪಿಸಿದೆ. ಸಂಜೆಯವರೆಗೂ ಏನಾದರೂ ಆಗುತ್ತದೆಂದು ಕಾದೆ. ಹಾಸ್ಟೆಲಿನ ಮೆಸ್ಸಿನಲ್ಲಿ ಅಂದು ಎಂದಿಗಿಂತ ಚೆನ್ನಾದ ಊಟ ಹಾಕಿದರು, ಅಷ್ಟೇ ಆದದ್ದು. ಮುಂದಿನ ಭಾನುವಾರ ಹತ್ತರವರೆಗೆ ಮಲಗಿದೆ. ನನ್ನ ನಾಸ್ತಿಕತೆಯ ಬುಡದಲ್ಲಿರುವುದು ಭಾನುವಾರದ ನಿದ್ದೆ. ತತ್ವಶಾಸ್ತ್ರ ಆಮೇಲೆ, ಪುಸ್ತಕಗಳ ಮೂಲಕ, ಟಿಕೆಟ್ ಇಲ್ಲದೆ ಹತ್ತಿದವನಿಗೆ ದಾರಿಯಲ್ಲಿ ಟಿಕೆಟ್ ಸಿಕ್ಕ ಹಾಗೆ ಬಂತು. ಬಂದ ಮೇಲೆ ಮಾತ್ರ ನಾನು ಅದನ್ನು ಬಹಳ ಶಿಸ್ತಿನಿಂದ ಪಾಲಿಸಿದೆ. ಮಾಂಯ್ ಶುಕ್ರವಾರ ಮಾಂಸ ಬಿಡುತ್ತಿದ್ದಷ್ಟೇ ಶ್ರದ್ಧೆಯಿಂದ ನಾನು ಕ್ರಿಸ್ಮಸ್ಸಿನ ಕೇಕು ಬಿಡುತ್ತಿದ್ದೆ. ದೇವರು ಹೋದ ಮೇಲೆ ನನ್ನ ಕೊಂಕಣಿಗೂ ಕೆಲಸವಿಲ್ಲದಾಯಿತು. ಅಕ್ಕನ ಫೋನಿಗೆ ಮಾತ್ರ ಉಳಿಯಿತು.

ನಾನು ಪೊರ್ಬು ಅಲ್ಲ ಎಂಬುದನ್ನು ಒಪ್ಪದಿದ್ದವರು ಶೇಖರಣ್ಣ ಒಬ್ಬರೇ. ಕರಾವಳಿಯಲ್ಲಿ ಕ್ಯಾಥೊಲಿಕ್ ಗಂಡಸರನ್ನು ಪೊರ್ಬುಗಳೇ ಎಂದು ಕರೆಯುವುದು ರೂಢಿ. ಶೇಖರಣ್ಣ ಕಿನ್ನಿಗೋಳಿಯ ಕಡೆಯವರು. ನಮ್ಮ ಕಾರ್ಖಾನೆಯ ಗೇಟಿನ ಎದುರು ಅವರ ಉಡುಪಿ ಹೋಟೆಲು. ನಾಲ್ಕು ಗಂಟೆಗೆ ಚಹದ ದೊಡ್ಡ ಫ್ಲಾಸ್ಕು ಹಿಡಿದು ಸ್ವತಃ ಅವರೇ ಒಳಗೆ ಬರುತ್ತಿದ್ದರು. ಮೊದಲ ದಿನ ನನ್ನ ಹೆಸರು ಕೇಳಿದ ಕೂಡಲೇ ಅವರ ಮುಖ ಅರಳಿತ್ತು.

"ಓ, ಪೊರ್ಬುಗಳಾ! ಮೊದ್ಲೇ ಹೇಳ್ಬಾರ್ದಾ ಮಾರಾಯ್ರೆ?"

"ನಾನು ಈಗ ಅದೆಲ್ಲ ಅಲ್ಲ ಶೇಖರಣ್ಣ. ಬಿಟ್ಟಿದ್ದೇನೆ."

"ಬಿಟ್ಟಿದ್ದೀರಾ? ಹಾಗಾದ್ರೆ ಈಗ ಎಂತ? ಭಟ್ರಾ?"

"ಏನೂ ಅಲ್ಲ."

"ಏನೂ ಅಲ್ಲದ ಪೊರ್ಬುಗಳು," ಎಂದು ತೀರ್ಮಾನಿಸಿ ಚಹ ಬಗ್ಗಿಸಿದರು. ಹನ್ನೊಂದು ವರ್ಷ ಅದೇ ನನ್ನ ಬಿರುದು.

ಈಗ ಆ ದಿನಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿದ್ದು ಅದನ್ನು ತಪ್ಪಿಸಲಿಕ್ಕೆ ಎಂದು ನಿಮಗೂ ಗೊತ್ತಾಗಿರಬೇಕು.

ನಮ್ಮಲ್ಲಿ ಗಾಳಿ ಊದುವ ದೊಡ್ಡ ಬ್ಲೋವರ್‌ಗಳ ಉಕ್ಕಿನ ಕವಚ ತಯಾರಾಗುತ್ತದೆ. ಒಂದೊಂದು ಕವಚವೂ ಒಂದು ಸಣ್ಣ ಕೋಣೆಯಷ್ಟಿರುತ್ತದೆ. ವೆಲ್ಡಿಂಗ್ ಮುಗಿದ ಕವಚವನ್ನು ಬೆಲ್ಟು ಹಾಕಿ, ಸರಪಳಿಯಿಂದ ಭಾರ ಎತ್ತುವ ಚೈನ್ ಬ್ಲಾಕಿಗೆ ತೂಗಿಸಿ ಬಣ್ಣದ ವಿಭಾಗಕ್ಕೆ ಸಾಗಿಸುತ್ತಾರೆ. ಅಂದು ನಾಲ್ಕು ಗಂಟೆಗೆ ಒಂದು ಕವಚ ಹಾಗೆ ಆಳೆತ್ತರಕ್ಕಿಂತ ಮೇಲೆ ತೂಗುತ್ತಿತ್ತು. ಅದರ ಕೆಳಗೆ ನೆಲದಲ್ಲಿ ಹಳದಿ ಗೆರೆ. ಭಾರ ಮೇಲಿರುವಾಗ ಗೆರೆಯೊಳಗೆ ಯಾರೂ ಕಾಲಿಡುವಂತಿಲ್ಲ. ನಾನು ಗುಣಮಟ್ಟ ಪರೀಕ್ಷೆಯವನು, ಗೆರೆಯ ಈಚೆ ಅಳತೆ ಬರೆಯುತ್ತ ನಿಂತಿದ್ದೆ. ಶೇಖರಣ್ಣ ಆಚೆ ಬದಿಯಲ್ಲಿ ವೆಲ್ಡರುಗಳಿಗೆ ಚಹ ಕೊಡುತ್ತಿದ್ದರು. ಕ್ರಮ ಪ್ರಕಾರ ಅವರು ಇಡೀ ಶೆಡ್ಡನ್ನು ಬಳಸಿ ನನ್ನಲ್ಲಿಗೆ ಬರಲು ಐದು ನಿಮಿಷ ಬೇಕು. ನನಗೆ ತಲೆನೋವಿತ್ತು. ಭಾರ ಮೇಲಿರುವುದು ನನಗೆ ಕಾಣುತ್ತಿತ್ತು. ಆದರೂ ಕೈಯೆತ್ತಿ ಕೂಗಿದೆ.

"ಶೇಖರಣ್ಣಾ, ಈಚೆ ಬನ್ನಿ! ಇಲ್ಲೊಂದು ಚಾ!"

ಅವರು ನೇರ ಬಂದರು. ಕರೆದವರ ಕಡೆಗೆ ಮನುಷ್ಯ ನೇರ ತಾನೇ ಬರುವುದು?

ಬೆಲ್ಟು ಒಂದು ಕಡೆ ಜಾರಿತು. ಸದ್ದನ್ನು ವರ್ಣಿಸಲು ನನಗೆ ಬರುವುದಿಲ್ಲ. ಕಣ್ಣು ಬಿಟ್ಟಾಗ ಕವಚದ ಒಂದು ತುದಿ ನೆಲದಲ್ಲಿದ್ದ ಮರದ ದಿಮ್ಮಿಗಳ ಮೇಲೆ ಊರಿತ್ತು, ಇನ್ನೊಂದು ತುದಿ ಇನ್ನೂ ಸರಪಳಿಯಲ್ಲಿ ತೂಗುತ್ತಿತ್ತು. ನಡುವೆ, ಮೊಣಕಾಲಿನ ಕೆಳಗೆ ಎರಡೂ ಕಾಲು ಸಿಕ್ಕಿಕೊಂಡು ಶೇಖರಣ್ಣ ಅಂಗಾತ ಬಿದ್ದಿದ್ದರು. ಫ್ಲಾಸ್ಕಿನಿಂದ ಚಹ ಹರಿದು ಹಳದಿ ಗೆರೆಯನ್ನು ದಾಟಿ ನನ್ನ ಬೂಟಿನವರೆಗೆ ಬಂದಿತ್ತು.

"ಕೋಈ ಅಡ್ಶೋ ನಹೀಂ!" ಯಾರೂ ಮುಟ್ಟಬೇಡಿ ಎಂದು ಸೂಪರ್‌ವೈಸರ್ ಜಯೇಶಭಾಯಿ ಕೂಗುತ್ತಿದ್ದರು. ಮುಟ್ಟಿದರೆ ಉಳಿದ ತುದಿಯೂ ಕೆಳಗೆ ಬರುತ್ತದೆ. ಪಕ್ಕದ ಕಾರ್ಖಾನೆಯಿಂದ ಹೈಡ್ರಾ ಕ್ರೇನು ಬರಬೇಕು. ಅಲ್ಲಿಯವರೆಗೆ ಗಾಯಾಳು ನಿದ್ದೆಗೆ ಜಾರದಂತೆ ಯಾರಾದರೂ ಮಾತಾಡಿಸುತ್ತಿರಬೇಕೆಂದು ಡಾಕ್ಟರರು ಫೋನಿನಲ್ಲಿ ಹೇಳಿದರು. ಶೇಖರಣ್ಣನ ಭಾಷೆ ಬಲ್ಲವನು ಅಲ್ಲಿ ನಾನೊಬ್ಬನೇ. ನಾನು ಹೊಟ್ಟೆಯ ಮೇಲೆ ತೆವಳಿಕೊಂಡು ಅವರ ತಲೆಯ ಹತ್ತಿರ ಹೋದೆ. ಧೈರ್ಯವೆಂದು ಎಣಿಸಬೇಡಿ, ದೂರ ನಿಲ್ಲಲು ನನಗೆ ಮುಖವಿರಲಿಲ್ಲ. ಮೇಲೆ ಸರಪಳಿ ಆಗಾಗ ಒಂದೊಂದು ಕೊಂಡಿಯಷ್ಟು ಕಟಕ್ ಎನ್ನುತ್ತಿತ್ತು. ಪ್ರತಿ ಕಟಕ್‌ಗೂ ನಾನು ಎಡಗೈಯನ್ನು ತಲೆಯ ಮೇಲಿಟ್ಟುಕೊಳ್ಳುತ್ತಿದ್ದೆ, ಅಷ್ಟು ಉಕ್ಕನ್ನು ಆ ಒಂದು ಕೈ ತಡೆದೀತು ಎಂಬಂತೆ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದವನ ಕೈ ಅದು.

ಮೊದಲು ಹೋಟೆಲಿನ ವಿಷಯ ಮಾತಾಡಿಸಿದೆ, ಆಮೇಲೆ ಮಗಳ ಓದಿನದು. ಅವರ ಉತ್ತರಗಳು ಚಿಕ್ಕದಾಗುತ್ತ ಹೋದವು. ಮುಖ ಬಿಳಿಚಿತು. ಕಣ್ಣು ಮುಚ್ಚಿತು. ಆಗ ನನ್ನ ಬಾಯಿಂದ ಏನು ಬಂತು ಗೊತ್ತೇ? ನಮ್ಮ ಮಾಂಯ್‌ಯನ್ನು ಊರವರು ಮರಣಶಯ್ಯೆಗಳಿಗೆ ಕರೆಯುತ್ತಿದ್ದರು. ಅವಳು ಹೋಗಿ, ಹೋಗುವವರ ಕೈಯಲ್ಲಿ ಹಚ್ಚಿದ ಮೇಣದಬತ್ತಿ ಹಿಡಿಸಿ, ಕಿವಿಯಲ್ಲಿ ಮೂರು ಹೆಸರು ಹೇಳುವಳು: ಯೇಸು, ಮೇರಿ, ಜೋಸೆಫ್. ಚಿಕ್ಕವನಿದ್ದಾಗ ಮೇಣದಬತ್ತಿ ಹೊತ್ತು ಅವಳ ಹಿಂದೆ ಎಷ್ಟೋ ಮನೆಗೆ ಹೋಗಿದ್ದೆ. ನಾನು ಶೇಖರಣ್ಣನ ಕಿವಿಗೆ ಬಾಯಿಟ್ಟು ಅದನ್ನೇ ಹೇಳಿದೆ.

"ಜೆಜು, ಮರಿ, ಜುಜೆ."

ಒಂದು ಕಣ್ಣು ತೆರೆಯಿತು.

"ಪೊರ್ಬುಗಳೇ, ಇದು ಸಾಯುವವರಿಗೆ ಹೇಳುದಲ್ವಾ?"

"ಅಲ್ಲ, ಅಲ್ಲ. ಎಲ್ಲರಿಗೂ ಹೇಳ್ತೇವೆ."

"ಸುಳ್ಳು ಹೇಳ್ಬೇಡಿ ಮಾರಾಯ್ರೆ. ಊರಲ್ಲಿ ನಮ್ಮ ಪಕ್ಕದ ಮನೆಯ ಪೊರ್ಬುಗಳ ಬಾಯಮ್ಮ ಹೋಗುವಾಗ ಇದನ್ನೇ ಹೇಳಿದ್ದು. ನಾನು ಕಿಟಕಿಯಲ್ಲಿ ನೋಡ್ತಾ ಇದ್ದೆ. ಹೇಳ್ಲಿಕ್ಕೆ ಬಂದವ್ರು ಹೇಳಿ ಮುಗಿಸುವಾಗ ಬಾಯಮ್ಮ ಮುಗಿದಿದ್ರು."

"ಇಲ್ಲ ಶೇಖರಣ್ಣ, ನೀವು ಹಾಗೆಲ್ಲ..."

"ಬೇರೆ ಎಂತದಾದ್ರೂ ಹೇಳಿ. ಬದುಕುವವರದ್ದು ಇಲ್ವಾ ನಿಮ್ಮಲ್ಲಿ?"

ಇಡೀ ಕ್ರೈಸ್ತ ಧರ್ಮದ ಮೇಲೆ ಇಷ್ಟು ನೇರವಾದ ಪ್ರಶ್ನೆಯನ್ನು ನಾನು ಓದಿದ ಯಾವ ಪುಸ್ತಕವೂ ಎತ್ತಿರಲಿಲ್ಲ. ಬದುಕುವವರದ್ದು ಎಂದು ಹುಡುಕಿದರೆ ನನ್ನ ತಲೆಯಲ್ಲಿ ಒಂದೇ ಒಂದು ಸಿಕ್ಕಿತು. ಮಾಂಯ್ ಹೇಳುತ್ತಿದ್ದ ಹಾಗೆ ಮೆಲ್ಲಗೆ ಶುರು ಮಾಡಿದೆ, "ನಮಾನ್ ಮರಿಯೆ..." ಮೊದಲ ಅರ್ಧ ಮುಗಿದ ಕಡೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದೆ.

ಶೇಖರಣ್ಣ ಎರಡನೆಯ ಅರ್ಧ ಹೇಳಿದರು.

ತಪ್ಪಿಲ್ಲದೆ, ಕೊಂಕಣಿಯಲ್ಲಿ, ನಮ್ಮ ಮನೆಯಲ್ಲಿ ನಾವು ಹೇಳುತ್ತಿದ್ದ ಅದೇ ಅವಸರದ ಧಾಟಿಯಲ್ಲಿ, ಕೊನೆಯ ಆಮೆನ್ ನುಂಗಿ. ನಾನು ಅವರ ಮುಖ ನೋಡಿದೆ.

"ಎಂತ ನೋಡುದು? ಹದಿನೆಂಟು ವರ್ಷ ದಿನಾ ಸಂಜೆ ಗೋಡೆಯ ಆಚೆಯಿಂದ ಕೇಳಿದ್ದೇನೆ. ಬಾಯಮ್ಮನದ್ದು ಕೇಳ್ತಿರ್ಲಿಲ್ಲ, ಅವ್ರದ್ದು ಸಣ್ಣ ಸ್ವರ. ಮಕ್ಳೆಲ್ಲ ಬೊಬ್ಬೆ ಹಾಕುದು ಮಾತ್ರ ಕೇಳುದು. ಹೇಳಿ ಹೇಳಿ, ಮುಂದೆ ಹೇಳಿ."

ಮುಂದೆ ಹೇಳಿದೆ. ನನ್ನ ಪಾಲು, ಅವರ ಪಾಲು. ಬಲಗೈಯ ಬೆರಳು ಮಡಚಿ ಎಣಿಸಿದೆ. ಹತ್ತಾದ ಮೇಲೆ ಹನ್ನೊಂದಕ್ಕೆ ಹೊರಟರೆ ಅವರೇ ತಡೆದರು. "ಹತ್ತು ಆಯ್ತಲ್ಲ ಪೊರ್ಬುಗಳೇ, ಇನ್ನು ಬೇರೆ ರಾಗದ್ದು ಒಂದು ಬರುದಲ್ವಾ?" ಹೌದು, ಹತ್ತಕ್ಕೊಮ್ಮೆ ಬೇರೆ ಪ್ರಾರ್ಥನೆ ಬರುವುದಿತ್ತು, ಮರೆತವನು ನಾನು. ಆ ಕವಚದ ಕೆಳಗೆ ಒಬ್ಬ ನಾಸ್ತಿಕನೂ ದಿನಾ ಬೆಳಿಗ್ಗೆ ಗಣಪತಿಗೆ ಊದುಬತ್ತಿ ಹಚ್ಚುವ ಒಬ್ಬ ಹೋಟೆಲಿನವನೂ ಸೇರಿ ಇಡೀ ಜಪಸರವನ್ನು ಒಂದಲ್ಲ, ಎರಡೂವರೆ ಸಲ ಹೇಳಿದೆವು. ಮೇರಿಮಾತೆಯಲ್ಲಿ ನಂಬಿಕೆಯಿಟ್ಟವರು ಅಲ್ಲಿ ಒಬ್ಬರೂ ಇರಲಿಲ್ಲ. ಮೂರನೆಯದರ ನಡುವೆ ಹೈಡ್ರಾ ಬಂತು.

ಶೇಖರಣ್ಣನ ಎರಡೂ ಕಾಲು ಉಳಿದವು. ಎಡಗಾಲಿಗೆ ಸರಳು ಹಾಕಿದ್ದಾರೆ, ಎರಡು ಬೆರಳು ಹೋಗಿವೆ, ಕೋಲು ಹಿಡಿದು ನಡೆಯುತ್ತಾರೆ.

ಆಮೇಲೆ ಎಲ್ಲರೂ ಅದನ್ನು ತಮತಮಗೆ ಬೇಕಾದ ಹಾಗೆ ಹಂಚಿಕೊಂಡರು. ಜಯೇಶಭಾಯಿ ನನ್ನನ್ನು ಪಕ್ಕಕ್ಕೆ ಕರೆದು, "ಕಯಾ ಮಾತಾಜೀನೋ ಮಂತ್ರ ಹತೋ?" ಎಂದು ಕೇಳಿದರು, ಯಾವ ಮಾತಾಜಿಯ ಮಂತ್ರ ಅದು ಎಂದು. ನಾನು ವಿವರಿಸಲು ಹೋಗಿ, ಕೊನೆಗೆ "ಮರಿಯಮ್ ಮಾತಾಜಿ" ಎಂದುಬಿಟ್ಟೆ. ಅವರು ಕೈಮುಗಿದರು. ಅಕ್ಕ ಲೀನಾ ಫೋನಿನಲ್ಲಿ ಅತ್ತಳು. "ಮಾಂಯ್ ಮೇಲಿಂದ ನೋಡ್ತಾ ಇದ್ದಾಳೆ, ನೀನು ವಾಪಸ್ ಬಂದೆ," ಎಂದಳು. ನಾನು ಎಲ್ಲಿಗೂ ಬಂದಿಲ್ಲವೆಂದರೂ ಕೇಳಲಿಲ್ಲ. ತನ್ನ ಇಗರ್ಜಿಯಲ್ಲಿ ಒಂದು ಕೃತಜ್ಞತಾ ಪೂಜೆ ಮಾಡಿಸಿಯೇಬಿಟ್ಟಳು. ಅಹಮದಾಬಾದಿನ ಬೋಪಲ್ ಬಡಾವಣೆಯಲ್ಲಿ ನನ್ನ ಹಾಸ್ಟೆಲಿನ ಗೆಳೆಯನೊಬ್ಬನಿದ್ದಾನೆ, ನನಗಿಂತ ಗಟ್ಟಿ ನಾಸ್ತಿಕ. ಭಯದಲ್ಲಿ ಮೆದುಳು ಹಳೆಯ ದಾರಿಯನ್ನು ಹಿಡಿಯುತ್ತದೆ, ನಾಚಿಕೆ ಪಡಬೇಡ ಎಂದು ಅವನು ನನಗೆ ಕ್ಷಮಾದಾನ ಮಾಡಿದ. ಪಾದ್ರಿಗಳೂ ಅಷ್ಟು ಉದಾರವಾಗಿ ಕ್ಷಮಿಸುತ್ತಿರಲಿಲ್ಲ.

ಕಾರ್ಖಾನೆಯ ವರದಿ ಎಲ್ಲಕ್ಕಿಂತ ಚೆನ್ನಾಗಿತ್ತು. 'ಗಾಯಾಳುವನ್ನು ಮಾತುಕತೆಯಲ್ಲಿ ತೊಡಗಿಸಿ ಎಚ್ಚರವಾಗಿಡಲಾಯಿತು.' ಅದರ ಮೇಲಿನ ಸಾಲು ಮಾತ್ರ ನನಗೆ ಬಾಯಿಪಾಠವಾಗಿಬಿಟ್ಟಿದೆ. 'ಹೊರಗಿನ ಚಹ ಸರಬರಾಜುದಾರರು ನಿಯಮ ಮೀರಿ ಸ್ವಂತ ಇಚ್ಛೆಯಿಂದ ಹಳದಿ ಗೆರೆಯೊಳಗೆ ಪ್ರವೇಶಿಸಿದ್ದರು.' ಆ ಕಾರಣಕ್ಕೆ ಶೇಖರಣ್ಣನ ಗೇಟ್ ಪಾಸು ರದ್ದಾಯಿತು. ಹನ್ನೊಂದು ವರ್ಷ ಒಳಗೆ ಬಂದ ಫ್ಲಾಸ್ಕು ಈಗ ಗೇಟಿನ ಆಚೆಯೇ ನಿಲ್ಲುತ್ತದೆ. ನಾಲ್ಕು ಗಂಟೆಗೆ ಯಂತ್ರವೊಂದು ನಮಗೆ ಕಾಗದದ ಲೋಟದಲ್ಲಿ ಚಹ ಸುರಿಯುತ್ತದೆ. ಸ್ವಂತ ಇಚ್ಛೆ! ಧರ್ಮೋಪದೇಶದ ತರಗತಿಯಲ್ಲಿ ಆ ಶಬ್ದವನ್ನು ಎಷ್ಟು ಸಲ ಉರು ಹೊಡೆದಿದ್ದೆವು. ಆ ವರದಿಯ ಕೆಳಗೆ ಸಾಕ್ಷಿಯೆಂದು ಸಹಿ ಮಾಡಿದವನು ನಾನು.

ಇಲ್ಲಿ ಅಪಘಾತಕ್ಕೂ ಮುಂಚಿನ ಇನ್ನೊಂದು ಸಂಜೆಯನ್ನೂ ಹೇಳದಿದ್ದರೆ ಲೆಕ್ಕ ಸರಿಹೋಗುವುದಿಲ್ಲ. ಮಾಂಯ್ ತನ್ನ ಕೊನೆಯ ತಿಂಗಳುಗಳನ್ನು ಸೂರತ್‌ನ ಅಡಾಜಣ್‌ನಲ್ಲಿ ಅಕ್ಕನ ಮನೆಯಲ್ಲಿ ಕಳೆದಳು. ಒಂದು ಶನಿವಾರ ನಾನು ಹೋಗಿದ್ದೆ. ಅಕ್ಕ ಔಷಧಿ ತರಲು ಕೆಳಗಿಳಿದಿದ್ದಳು. ಏಳು ಗಂಟೆಯಾಯಿತು. ಮಾಂಯ್ ದಿಂಬಿನ ಕೆಳಗಿನಿಂದ ಜಪಸರ ತೆಗೆದು, ಮೊದಲ ಅರ್ಧ ಹೇಳಿ ನಿಲ್ಲಿಸಿದಳು. ಕೋಣೆಯಲ್ಲಿದ್ದದ್ದು ನಾನೊಬ್ಬನೇ.

ನಾನು ಕಿಟಕಿಯ ಹತ್ತಿರ ನಿಂತು ಎದುರಿನ ಕಟ್ಟಡದ ಬಾಲ್ಕನಿಗಳಲ್ಲಿ ಒಣಗಿದ ಬಟ್ಟೆಗಳನ್ನು ನೋಡುತ್ತಿದ್ದೆ. ನಂಬದ ಪ್ರಾರ್ಥನೆಗಿಂತ ಪ್ರಾಮಾಣಿಕ ಮೌನ ದೊಡ್ಡದು ಎಂಬ ಒಂದು ವಾಕ್ಯ ನನ್ನ ತಲೆಯಲ್ಲಿತ್ತು. ಚೆಂದದ ವಾಕ್ಯ; ನಾನೇ ಕಟ್ಟಿದ್ದು. ಮಾಂಯ್ ಕಾದಳು. ಕೆಳಗೆ ಯಾರದೋ ಕುಕ್ಕರು ಒಂದು ಸಲ ಕೂಗಿತು, ಇನ್ನೊಂದು ಸಲ ಕೂಗಿತು. ಆಮೇಲೆ ಅವಳು ಇನ್ನೂ ಸಣ್ಣ ಸ್ವರದಲ್ಲಿ ಎರಡನೆಯ ಅರ್ಧವನ್ನೂ ತಾನೇ ಹೇಳಿದಳು. ಹೀಗೆ ಐವತ್ತೂ ಸಲ, ಪ್ರತಿ ಸಲವೂ ನಡುವೆ ಒಂದಿಷ್ಟು ಜಾಗ ಬಿಟ್ಟು. ನಾನು ಐವತ್ತೂ ಸಲ ಪ್ರಾಮಾಣಿಕನಾಗಿಯೇ ಉಳಿದೆ. ಮುಗಿದ ಮೇಲೆ, ಕೇಳದಿದ್ದರೂ, ಕೈಯೆತ್ತಿ ನನ್ನನ್ನು ಆಶೀರ್ವದಿಸಿದಳು. "ಊಟ ಮಾಡಿಕೊಂಡು ಹೋಗು," ಎಂದಳು. ಬುಧವಾರ ತೀರಿಕೊಂಡಳು.

ಸಾಯುವ ತಾಯಿಗೆ ಕೊಡದ ಅರ್ಧವನ್ನು ಚಹ ತರುವವರಿಂದ ನೂರಕ್ಕೂ ಹೆಚ್ಚು ಸಲ ಪಡೆದುಕೊಂಡೆ ನಾನು. ಅಕ್ಕ ಇದನ್ನು ದೇವರ ಲೀಲೆ ಎನ್ನುತ್ತಾಳೆ. ದೇವರಿಗೆ ಇಷ್ಟು ವ್ಯಂಗ್ಯದ ಬುದ್ಧಿ ಇದೆಯೆಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ಬಿಡುವ ಮುಂಚೆ ಇನ್ನೊಮ್ಮೆ ಯೋಚಿಸುತ್ತಿದ್ದೆ.

ಇಲ್ಲಿಯವರೆಗೆ ಬರೆದದ್ದು ನಿನ್ನೆ. ಬರೆದದ್ದನ್ನು ಓದಿ ನೋಡಿದೆ. ನಾನು ಎಲ್ಲ ಹೇಳಿಕೊಂಡಿದ್ದೆ, ನಿಮಗೆ. ಜಾಲರಿಯ ಆಚೆ ನೀವು. ಇಂದು ಕಾರ್ಖಾನೆಗೆ ರಜೆ. ಮಧ್ಯಾಹ್ನ ಮೂರೂವರೆಗೆ ಸ್ಕೂಟರ್ ತೆಗೆದುಕೊಂಡು ಮಕರಪುರಕ್ಕೆ ಹೋದೆ.

ಶೇಖರಣ್ಣ ಮಧ್ಯಾಹ್ನ ಊಟದ ಹೊತ್ತು ಮುಗಿದ ಮೇಲೆ ಶಟರ್ ಇಳಿಸಿ ನಾಲ್ಕಕ್ಕೆ ಮತ್ತೆ ತೆರೆಯುತ್ತಾರೆ. ನಾನು ಪಕ್ಕದ ಬಾಗಿಲಿಂದ ಒಳಗೆ ಹೋದೆ. ಅವರು ಕಾಲನ್ನು ಇನ್ನೊಂದು ಕುರ್ಚಿಯ ಮೇಲಿಟ್ಟು ಒದ್ದೆ ಬಟ್ಟೆಯಿಂದ ಮೇಜು ಒರೆಸುತ್ತಿದ್ದರು.

"ಏನೂ ಅಲ್ಲದ ಪೊರ್ಬುಗಳು ರಜೆಯ ದಿನ ಈಚೆ ಎಂತ?"

ನಾನು ಕೂರಲಿಲ್ಲ. "ಶೇಖರಣ್ಣ, ಆ ದಿನ ನಿಮ್ಮನ್ನು ಕರೆದದ್ದು ನಾನು. ಭಾರ ಮೇಲಿದ್ದದ್ದು ನನಗೆ ಕಾಣ್ತಿತ್ತು. ಆದ್ರೂ ಕರೆದೆ. ವರದಿಯಲ್ಲಿ ಅದನ್ನು ಹೇಳ್ಲಿಲ್ಲ."

ಮೇಜಿನ ಒಂದು ಮೂಲೆಯಲ್ಲಿ ಸಾಂಬಾರು ಒಣಗಿ ಅಂಟಿತ್ತು. ಅವರು ಅದನ್ನು ಉಗುರಿನಿಂದ ಕೆರೆದು ತೆಗೆದರು.

"ನಂಗೆ ಗೊತ್ತುಂಟು."

"ಗೊತ್ತುಂಟಾ?"

"ನನ್ನ ಕಾಲಿಗೆ ಪೆಟ್ಟಾದದ್ದು ಮಾರಾಯ್ರೆ, ಕಿವಿಗಲ್ಲ. ನೀವು ಕರೆದದ್ದು ಯಾರನ್ನು? ನನ್ನನ್ನೇ ಅಲ್ವಾ? ನಂಗೆ ಕೇಳದೆ ಇನ್ಯಾರಿಗೆ ಕೇಳುದು?"

ಆರು ತಿಂಗಳು ನಾನು ಜಗತ್ತಿನಲ್ಲಿ ಯಾರಿಂದ ಆ ಮಾತನ್ನು ಬಚ್ಚಿಟ್ಟಿದ್ದೆನೋ, ಅದನ್ನು ಆ ಯಂತ್ರಗಳ ಗದ್ದಲದಲ್ಲಿ ಕಿವಿಯಾರೆ ಕೇಳಿದ್ದವರು ಅವರೊಬ್ಬರೇ. ಇಷ್ಟು ಸರಳ ಸಂಗತಿ ನನ್ನ ತಲೆಗೆ ಹೊಳೆದಿರಲಿಲ್ಲ.

"ಮತ್ತೆ ನೀವು ಯಾಕೆ ಹೇಳ್ಲಿಲ್ಲ? ಪಾಸು ಹೋಗುವಾಗ ಹೇಳ್ಬಹುದಿತ್ತಲ್ಲ?"

"ಚಾ ಮಾರುವವನು ಹೇಳಿದ್ರೆ ಅವ್ರು ನಂಬುದಾ?" ಎಂದರು. ಬಟ್ಟೆ ಹಿಂಡಿದರು. "ಮತ್ತೆ, ಗೆರೆ ನಂಗೂ ಕಾಣ್ತಿತ್ತು. ದಾಟಿದ್ದು ನನ್ನದೇ ಕಾಲು. ಆದ್ರೂ ನೀವು ಬಂದು ಹೇಳ್ತೀರಾ ಇಲ್ವಾ ಅಂತ ನೋಡ್ತಾ ಇದ್ದೆ. ಬಾರೀ ತಡ ಆಯ್ತು ನಿಮ್ಮದು."

ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು.

"ಅದೆಲ್ಲ ನಂಗೆ ಬೇಡ. ನಾಳೆ ಹೋಗಿ ಅದನ್ನೇ ಬರೆದು ಜಯೇಶಭಾಯಿ ಕೈಗೆ ಕೊಡಿ. ಪಾಸು ಬರ್ತದಾ ಇಲ್ವಾ ಆಮೇಲೆ ನೋಡುವಾ."

"ಕೊಡ್ತೇನೆ." ನನ್ನ ಕೆಲಸದ ಮೇಲೆ ಏನು ಬರುತ್ತದೋ ನನಗೆ ಗೊತ್ತಿಲ್ಲ. ಆದರೆ ಕೊಡುತ್ತೇನೆ, ಚೀಟಿ ಈಗಾಗಲೇ ಬರೆದು ಅಂಗಿಯ ಜೇಬಿನಲ್ಲಿಟ್ಟಿದ್ದೇನೆ.

"ಈಗ ಆ ಶಟರ್ ಎತ್ತಿ. ನಾಲ್ಕಾಯ್ತು. ಈ ಕಾಲಲ್ಲಿ ಊರಿ ನಿಂತು ಎಳೀಲಿಕ್ಕೆ ನಂಗೆ ಆಗುದಿಲ್ಲ."

ಅವರ ಶಟರಿಗೂ ಸರಪಳಿಯೇ. ನಾನು ಹಿಡಿದು ಎಳೆದೆ. ಕಟಕಟ ಶುರುವಾಯಿತು. ಎಡಗೈ ಅಭ್ಯಾಸಬಲದಿಂದ ಮೇಲೆ ಹೊರಟಿತು, ಆದರೆ ಬಿಟ್ಟರೆ ಶಟರು ಕೆಳಗಿಳಿಯುತ್ತಿತ್ತು. ಎರಡೂ ಕೈಯಲ್ಲಿ ಹಿಡಿದುಕೊಳ್ಳಬೇಕಾಯಿತು.

ಹಿಂದಿನಿಂದ ಸ್ವರ ಬಂತು. "ನಮಾನ್ ಮರಿಯೆ..." ಗೇಲಿಯ ಸ್ವರವೇ. ಕವಚದ ಕೆಳಗೆ ನನ್ನಿಂದ ಕೇಳಿ ಕಲಿತ ಮೊದಲ ಅರ್ಧವನ್ನು ಒಂದೆರಡು ತಪ್ಪಿನೊಂದಿಗೆ, ನನ್ನ ಹಾಗೆ, ಅಂದರೆ ಮಾಂಯ್ ಹಾಗೆ, ಮೆಲ್ಲಗೆ ಹೇಳಿದರು. ಹೇಳಿ ನಿಲ್ಲಿಸಿದರು.

ನಾನು ತಿರುಗಿ ನೋಡಲಿಲ್ಲ. ಅವರು ಕಾಯುತ್ತಿದ್ದರು. ಒಳಗೆ ಹಾಲು ಉಕ್ಕುವ ವಾಸನೆ ಬರುತ್ತಿತ್ತು. ಶಟರಿನ ಕೆಳಗಿನಿಂದ ನಾಲ್ಕು ಗಂಟೆಯ ಬಿಸಿಲು ನನ್ನ ಬೂಟಿನವರೆಗೆ ಬಂದು ನಿಂತಿತ್ತು. ನಾನು ನಂಬುವುದಿಲ್ಲ, ಅದು ನಿನ್ನೆ ಹೇಗಿತ್ತೋ ಇಂದೂ ಹಾಗೇ ಇದೆ. ಆದರೆ ಕಾಯುತ್ತಿದ್ದವರಿಗೆ ನನ್ನ ನಂಬಿಕೆಯಿಂದ ಆಗಬೇಕಾದದ್ದೇನೂ ಇರಲಿಲ್ಲ. ಸರಪಳಿ ಎಳೆಯುತ್ತಲೇ ಎರಡನೆಯ ಅರ್ಧ ಹೇಳಿದೆ. ಅವಸರ ಮಾಡಲಿಲ್ಲ. ಆಮೆನ್ ನುಂಗಲಿಲ್ಲ.

"ಹ್ಞಾ," ಎಂದರು ಶೇಖರಣ್ಣ. "ಒಂದಾಯ್ತು."

ಶಟರು ಇನ್ನೂ ಅರ್ಧ ಏರುವುದಿತ್ತು.